ದಾಳಕ್ಕೆ ನೆನಪಿಲ್ಲ

ನಮ್ಮ ಆಲ್ದೂರಿನ ಕಡೆ ಇಬ್ಬರು ಕಾಫಿ ಬೆಳೆಗಾರರು ಎದುರಾದರೆ ಮೊದಲು ಮಳೆಯ ವಿಚಾರ, ಆಮೇಲೆ ಫಸಲಿನ ವಿಚಾರ. ‘ಈ ಸಲ ತೋಟದಲ್ಲಿ ಏನೂ ಇಲ್ಲ ಮಾರಾಯ’ ಎಂದು ಒಬ್ಬರು ಅಂದರೆ, ‘ಬಿಡು, ಮುಂದಿನ ವರ್ಷ ಕೊಡುತ್ತೆ’ ಎಂದು ಇನ್ನೊಬ್ಬರು ಹೇಳುತ್ತಾರೆ. ಹೊರಗಿನವರಿಗೆ ಇದು ಬರೀ ಸಮಾಧಾನದ ಮಾತು ಅನಿಸಬಹುದು. ಆದರೆ ಅದರಲ್ಲಿ ಲೆಕ್ಕವಿದೆ. ಅರೇಬಿಕಾ ಗಿಡ ಒಂದು ವರ್ಷ ಮೈತುಂಬ ಕಾಯಿ ಹೊತ್ತರೆ ಶಕ್ತಿಯನ್ನೆಲ್ಲ ಕಾಯಿಗೇ ಸುರಿದುಬಿಡುತ್ತದೆ. ಮುಂದಿನ ವರ್ಷ ಹೂ ಬಿಡಬೇಕಾದ ಹೊಸ ಕೊಂಬೆಗಳು ಸರಿಯಾಗಿ ಬೆಳೆಯುವುದಿಲ್ಲ, ಹಾಗಾಗಿ ಮರುವರ್ಷ ಫಸಲು ಕಡಿಮೆ. ಆ ಖಾಲಿ ವರ್ಷದಲ್ಲಿ ಗಿಡ ಸುಧಾರಿಸಿಕೊಂಡು ಮತ್ತೆ ಕೊಂಬೆ ಬೆಳೆಸುತ್ತದೆ. ಸೋತ ವರ್ಷದ ಬೆನ್ನಿಗೆ ಗೆಲ್ಲುವ ವರ್ಷ ಬರುವ ಸಾಧ್ಯತೆ ನಿಜಕ್ಕೂ ಹೆಚ್ಚು. ಕಾಫಿ ಗಿಡಕ್ಕೆ ಹೋದ ವರ್ಷದ ನೆನಪಿರುತ್ತದೆ.

ನಾನು ಸಂಖ್ಯಾಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ನನ್ನ ವಿಷಯ ಸತತವಾಗಿ ಮಳೆಯಿಲ್ಲದ ದಿನಗಳು. ಮಳೆಗೂ ನೆನಪಿದೆ, ಆದರೆ ಅದು ಕಾಫಿಗಿಡದ ನೆನಪಿಗೆ ತಿರುಗುಮುರುಗು. ಇವತ್ತು ಒಣದಿನವಾದರೆ ನಾಳೆಯೂ ಒಣದಿನವಾಗುವ ಸಾಧ್ಯತೆ ಹೆಚ್ಚು; ಇವತ್ತು ಸುರಿದರೆ ನಾಳೆ ಸುರಿಯುವುದೂ ಹೆಚ್ಚು. 1962ರಲ್ಲಿ ಗೇಬ್ರಿಯಲ್ ಮತ್ತು ನ್ಯೂಮನ್ ಎಂಬಿಬ್ಬರು ಟೆಲ್ ಅವೀವ್ ನಗರದ ದಿನದಿನದ ಮಳೆಯನ್ನು ಇದೇ ರೀತಿ ಲೆಕ್ಕಕ್ಕೆ ಹಿಡಿದು ತೋರಿಸಿದರು. ಹೂಮಳೆಗೆ ಕಾದು ಆಕಾಶ ನೋಡುವ ನಮ್ಮವರಿಗೆ ಅವರ ಪ್ರಬಂಧ ಬೇಕಿರಲಿಲ್ಲ. ಬಾನು ಒಮ್ಮೆ ಬಿಗಿದುಕೊಂಡರೆ ಸುಲಭಕ್ಕೆ ಬಿಚ್ಚುವುದಿಲ್ಲ ಎಂದು ಅವರಿಗೆ ಗೊತ್ತು.

ಗಿಡ, ಮಳೆ ಎರಡಕ್ಕೂ ನೆನಪಿರುವ ಊರಿನಲ್ಲಿ ಬೆಳೆದವರಿಗೆ ನೆನಪೇ ಇಲ್ಲದ ವಸ್ತುವೊಂದು ಎದುರಾದರೆ ಏನಾಗುತ್ತದೆ ಎಂದು ನಾನು ಯೋಚಿಸಲು ಶುರು ಮಾಡಿದ್ದು ಚಿಕ್ಕಪ್ಪನ ಮಗನಿಂದಾಗಿ. ಅವನೇ ತೋಟ ನೋಡಿಕೊಳ್ಳುವವನು. ಕೊಯ್ಲಿನ ಕಾಲದಲ್ಲಿ ಒಂದು ಸಂಜೆ ಫೋನ್ ಮಾಡಿ, ‘ಅಕ್ಕಾ, ಒಂದು ಲೆಕ್ಕ ಕೇಳ್ಲಾ? ಸತತವಾಗಿ ಹತ್ತು ಸಲ ಸೋಲೋದು ಸಾವಿರಕ್ಕೊಂದು ಸಲ ಅಲ್ವಾ?’ ಎಂದ. ಯಾವ ಆಟ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ದಾಳ’ ಅಂದ.

ಮೊಬೈಲಿನ ದಾಳದಾಟಕ್ಕೆ ದಾಳವೇ ಇಲ್ಲ. ಗುಂಡಿ ಒತ್ತಿದರೆ ಸೊನ್ನೆಯಿಂದ ನೂರರೊಳಗಿನ ಒಂದು ಸಂಖ್ಯೆ ಬೀಳುತ್ತದೆ. 49.50ಕ್ಕಿಂತ ಕಡಿಮೆ ಬಿದ್ದರೆ ಕಟ್ಟಿದ ಹಣ ಎರಡರಷ್ಟಾಗಿ ವಾಪಸ್ಸು, ಇಲ್ಲದಿದ್ದರೆ ಹೋಯಿತು. ಗೆಲ್ಲುವ ಸಾಧ್ಯತೆ ನೂರಕ್ಕೆ ಐವತ್ತಲ್ಲ, ನಲವತ್ತೊಂಬತ್ತೂವರೆ. ಆಡಿಸುವವರ ಪಾಲು ಆ ಚೂರಿನಲ್ಲಿ ಅಡಗಿದೆ. ಇವನಿಗೆ ಯಾವುದೋ ವಿಡಿಯೊ ಹೇಳಿಕೊಟ್ಟ ಉಪಾಯ ಹಳೆಯದು: ಸೋತಾಗಲೆಲ್ಲ ಎರಡರಷ್ಟು ಕಟ್ಟುವುದು. 10, 20, 40, 80... ಯಾವಾಗಲಾದರೂ ಒಮ್ಮೆ ಗೆಲ್ಲಲೇಬೇಕಲ್ಲ, ಗೆದ್ದರೆ ಹೋದದ್ದೆಲ್ಲ ಬಂದು ಮೇಲೆ ಹತ್ತು ರೂಪಾಯಿ ಲಾಭ.

ಅವನು ಹೇಳಿದ ಲೆಕ್ಕ ಹೆಚ್ಚುಕಮ್ಮಿ ಸರಿಯೇ ಇತ್ತು. ಒಂದು ಸುತ್ತು ಶುರು ಮಾಡಿದರೆ ಮೊದಲ ಹತ್ತೂ ಸೋಲುವ ಸಾಧ್ಯತೆ ಸುಮಾರು 927ಕ್ಕೆ ಒಂದು. ಹತ್ತೂ ಸೋತರೆ ಹೋಗುವುದು 10,230 ರೂಪಾಯಿ. ಮಿಕ್ಕ 926 ಸುತ್ತು ಗೆದ್ದರೆ ಬರುವುದು 9,260. ಕೂಡಿಸಿ ಕಳೆದರೆ ಉಪಾಯದ ಬಂಡವಾಳ ಅಷ್ಟೇ. ಸಣ್ಣ ಸಣ್ಣ ಗೆಲುವುಗಳನ್ನು ದಿನವೂ ಕಣ್ಣಿಗೆ ಕಾಣಿಸಿ, ದೊಡ್ಡ ಸೋಲನ್ನು ಒಂದೇ ಕಡೆ ಗುಡ್ಡೆ ಹಾಕಿಡುತ್ತದೆ. ನಷ್ಟ ಮಾತ್ರ ಹಾಗೇ ಇರುತ್ತದೆ.

ಇನ್ನೊಂದು ವಿಷಯವನ್ನು ಅವನಿಗೆ ಯಾರೂ ಹೇಳಿರಲಿಲ್ಲ. ‘927ಕ್ಕೆ ಒಂದು’ ಎನ್ನುವುದು ಒಂದು ಸುತ್ತಿನ ಮಾತು. ಆಡುವವನು ಒಂದು ಸುತ್ತು ಆಡಿ ಎದ್ದು ಹೋಗುವುದಿಲ್ಲ. ಮೂರು ಸೆಕೆಂಡಿಗೆ ಒಂದರಂತೆ ಒತ್ತಿದರೂ ಗಂಟೆಗೆ 1,200 ಉರುಳು. ಸಾವಿರ ಉರುಳುಗಳ ಒಳಗೆ ಎಲ್ಲಾದರೂ ಸತತ ಹತ್ತು ಸೋಲು ಬರುವ ಸಾಧ್ಯತೆ ನೂರಕ್ಕೆ ಸುಮಾರು ನಲವತ್ತೊಂದು! ಅಂಥ ಮೊದಲ ಸಾಲು ಬರಲು ಸರಾಸರಿ 1,870 ಉರುಳು ಸಾಕು. ಅಂದರೆ ಸುಮಾರು ಒಂದೂವರೆ ಗಂಟೆ. ಅಪರೂಪ ಎಂದುಕೊಂಡದ್ದು ರಾತ್ರಿ ಊಟ ಮುಗಿಸಿ ಮಲಗುವುದರೊಳಗೆ ಬಂದು ಹೋಗುತ್ತದೆ.

ಅವನಿಗೂ ಬಂದಿತ್ತು. ಆ ಹೊತ್ತಿಗೆ ಅವನು ಹತ್ತರಿಂದಲ್ಲ, ನೂರು ರೂಪಾಯಿಯಿಂದ ಶುರು ಮಾಡುತ್ತಿದ್ದ. ಹತ್ತು ಸೋಲಿಗೆ 1,02,300 ರೂಪಾಯಿ. ಹನ್ನೊಂದನೆಯದಕ್ಕೆ ಕಟ್ಟಲು ಖಾತೆಯಲ್ಲಿ ಉಳಿದಿರಲಿಲ್ಲ. ಹೋದ ದುಡ್ಡು ಹಣ್ಣು ಕುಯ್ಯುವವರ ಬಟವಾಡೆಗೆ ಇಟ್ಟದ್ದು. ಆ ವಾರ ಚಿಕ್ಕಪ್ಪ ಕಾಫಿ ಕೊಳ್ಳುವ ವ್ಯಾಪಾರಿಯ ಹತ್ತಿರ ಇನ್ನೂ ಕಣಕ್ಕೆ ಬಾರದ ಕಾಫಿಯ ಮೇಲೆ ಮುಂಗಡ ತಂದು, ಲೈನ್ ಮನೆಯವರಿಗೆ ಒಂದು ದಿನ ತಡವಾಗದಂತೆ ಕೂಲಿ ಕೊಟ್ಟರು. ಮಗನ ಜೊತೆ ಮಾತಾಡಲಿಲ್ಲ. ಚಿಕ್ಕಮ್ಮ ಎರಡು ಹೊತ್ತು ತಟ್ಟೆ ಹಾಕಿ ಕರೆದಾಗ ಮಾತ್ರ ಇಬ್ಬರೂ ಒಂದೇ ಜಗುಲಿಯಲ್ಲಿ ಕೂರುತ್ತಿದ್ದರು.

‘ಅವ್ರು ಮೋಸ ಮಾಡಿದ್ರು ಅಕ್ಕ. ಹತ್ತಕ್ಕೆ ಹತ್ತೂ ಸೋಲೋದು ಅಂದ್ರೆ ಹೇಗೆ?’ ಎಂದು ಅವನು ಪದೇ ಪದೇ ಕೇಳಿದ. ಮೋಸ ಇದ್ದಿರಲೂಬಹುದು. ಆದರೆ ಮೋಸದ ಅಗತ್ಯವೇ ಇಲ್ಲ. ರಜೆಗೆ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ನಾನೇ ನಾಲ್ಕು ಸಾಲಿನ ಪ್ರೋಗ್ರಾಂ ಬರೆದು ಅವನ ಮುಂದೆಯೇ ಓಡಿಸಿದೆ. ಯಾರೂ ಮೋಸ ಮಾಡದ ಆ ದಾಳವೂ ಎರಡನೇ ಸಾವಿರದೊಳಗೆ ಹನ್ನೊಂದು ಸಲ ಬೆನ್ನುಬೆನ್ನಿಗೆ ಸೋಲಿಸಿತು. ಅವನು ಪರದೆಯನ್ನು ಬಹಳ ಹೊತ್ತು ನೋಡಿದ. ‘ಏಳು ಸಲ ಸೋತ್ಮೇಲೆ ಎಂಟನೇದು ಬಂದೇ ಬರುತ್ತೆ ಅನ್ಸುತ್ತೆ ಕಣೇ’ ಎಂದ. 1913ರಲ್ಲಿ ಮಾಂಟೆ ಕಾರ್ಲೋದ ಜೂಜುಕಟ್ಟೆಯಲ್ಲಿ ಚಕ್ರ 26 ಸಲ ಸತತವಾಗಿ ಕಪ್ಪಿಗೇ ನಿಂತಾಗ, ಇನ್ನು ಕೆಂಪು ಬರಲೇಬೇಕೆಂದು ಹಣ ಸುರಿದವರಿಗೂ ಹೀಗೇ ಅನಿಸಿತ್ತು. ಆದರೆ ನಮ್ಮ ಹುಡುಗನ ನಂಬಿಕೆಗೆ ಇನ್ನೂ ಗಟ್ಟಿಯಾದ ಬೇರಿತ್ತು. ಸೋತ ವರ್ಷದ ಮೇಲೆ ಗೆಲ್ಲುವ ವರ್ಷ ಬರುವುದನ್ನು ಅವನು ಹುಟ್ಟಿದಾಗಿನಿಂದ ಕಣ್ಣಾರೆ ನೋಡಿದ್ದಾನೆ. ತೋಟ ಕಲಿಸಿದ ಪಾಠವನ್ನೇ ಅವನು ಮೊಬೈಲಿಗೆ ಒಯ್ದಿದ್ದ.

ಹಾಗಂತ ದಾಳ ನಮ್ಮ ಕಾಡಿಗೆ ಹೊಸದಲ್ಲ. ವೇದದ ಕಾಲದಲ್ಲಿ ದಾಳಗಳಾಗಿದ್ದದ್ದು ವಿಭೀತಕದ ಬೀಜಗಳು, ನಮ್ಮ ಮಲೆನಾಡಿನ ತಾರೆಕಾಯಿ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳನಿಗೆ ಋತುಪರ್ಣ ಅಕ್ಷವಿದ್ಯೆ ಕಲಿಸುವುದು ತಾರೆಮರದ ಎಲೆ, ಕಾಯಿಗಳನ್ನು ನಿಂತಲ್ಲೇ ಎಣಿಸಿ ತೋರಿಸಿದ ಮೇಲೆ. ಮಹಾಭಾರತದ ಆ ಕತೆಯಲ್ಲಿ ಲೆಕ್ಕ ಕಲಿತ ಕೂಡಲೇ ನಳನ ಮೈಯಿಂದ ಕಲಿ ಹೊರಬರುತ್ತಾನೆ. ನಿಜದಲ್ಲಿ ಅಷ್ಟು ಬೇಗ ಬಿಟ್ಟುಹೋಗುವುದಿಲ್ಲ. ಕಾನೂನು ಬಂದ ಕೂಡಲೇ ಹೋಗುವುದೂ ಇಲ್ಲ. ಆನ್‌ಲೈನ್ ಜೂಜಿನ ವಿರುದ್ಧ ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅವನ ಮೊಬೈಲಿಗೆ ಹೊಸ ಹೊಸ ಲಿಂಕುಗಳು ಬರುವುದು ಮಾತ್ರ ನಿಂತಿಲ್ಲ.

ಅವನು ಕೊನೆಗೆ ಕೇಳಿದ್ದು ಇಷ್ಟು: ‘ಹೋದದ್ದು ಬಂದ್ರೆ ಸಾಕು, ಅಲ್ಲಿಗೆ ನಿಲ್ಲಿಸ್ತೀನಿ. ಅಲ್ಲೀವರೆಗೆ ಆಡಬಹುದಲ್ವಾ?’ ಬೈಯುವ ಮನಸ್ಸಾಗಲಿಲ್ಲ. ನೆನಪಿಲ್ಲದ ಆಟದ ಇನ್ನೊಂದು ಮುಖವನ್ನು ಹೇಳಿದೆ. ನೀನು ಸೋತದ್ದು ದಾಳಕ್ಕೆ ಗೊತ್ತಿಲ್ಲ, ಹಾಗಾಗಿ ಅದು ನಿನಗೆ ಏನೂ ಬಾಕಿ ಇಟ್ಟುಕೊಂಡಿಲ್ಲ. ನಿಲ್ಲಿಸಲು ಗೆಲುವಿಗೆ ಕಾಯಬೇಕಾದ್ದೂ ಇಲ್ಲ. ಹತ್ತನೇ ಸೋಲಿನ ಮೇಲೆ ಏಳುವುದೂ ಒಂದೇ, ಮೊದಲ ಗೆಲುವಿನ ಮೇಲೆ ಏಳುವುದೂ ಒಂದೇ.

‘ಮತ್ತೆ ಹೋದದ್ದು?’ ಅಂದ.

‘ಅದು ತೋಟದಿಂದಲೇ ಬರಬೇಕು’ ಅಂದೆ. ಈ ಬೇಸಿಗೆಯಲ್ಲಿ ಕೆಳಗಿನ ಪಟ್ಟೆಯ ಚಿಗುರು ತೆಗೆಯುವ ಕೆಲಸವನ್ನು ಆಳಿಗೆ ಕೊಡದೆ ಅವನೇ ಮಾಡುತ್ತಿದ್ದಾನೆ ಎಂದು ಚಿಕ್ಕಮ್ಮ ಹೇಳಿದರು. ಹೋದ ಸಲ ಆ ಪಟ್ಟೆ ಖಾಲಿ ಇತ್ತು.