ಸ್ಪ್ರಿಂಗಿಗೂ ಒಂದು ಪರೀಕ್ಷೆ

ಜಾತ್ರೆಯಲ್ಲಿ ಬಲೂನು ಹೊಡೆಯುವ ಬಂದೂಕಿಗೆ ಆಸೆಪಡದ ಮಕ್ಕಳು ಕಡಿಮೆ. ಅದರ ನಳಿಕೆ ಮಡಚಿದಾಗ ಒಳಗಿನ ಉಕ್ಕಿನ ಸ್ಪ್ರಿಂಗ್ ಕುಗ್ಗಿ ನಿಲ್ಲುತ್ತದೆ. ಕುದುರೆ ಎಳೆದೊಡನೆ ಅದು ಚಿಮ್ಮಿ ಪಿಸ್ಟನ್ನನ್ನು ನೂಕುತ್ತದೆ. ಪಿಸ್ಟನ್ ಗಾಳಿಯನ್ನು ಒತ್ತುತ್ತದೆ. ಒತ್ತಿದ ಗಾಳಿ ಸೀಸದ ಪುಟ್ಟ ಗುಂಡನ್ನು ಹೊರದಬ್ಬುತ್ತದೆ. ಗುರಿ ಹೊಡೆಯಲು ಕಲಿಯುವ ಹೊಸಬರ ಕೈಗೆ ಬಹಳ ಸಲ ಬರುವುದೂ ಇದೇ ಜಾತಿಯ ಏರ್ ರೈಫಲ್. ಸಾವಿರಾರು ಸಲ ಕುಗ್ಗಿ ಚಿಮ್ಮಿದ ಸ್ಪ್ರಿಂಗ್ ಒಂದು ದಿನ ಸೋಲುತ್ತದೆ. ಬದಲಿಗೆ ಎಂಥದ್ದನ್ನು ಹಾಕಬೇಕು?

ಹುಡುಗನ ಉತ್ತರ ಸಿದ್ಧವಾಗಿರುತ್ತದೆ: ಇನ್ನೂ ಗಟ್ಟಿಯಾದದ್ದು. ದುಡ್ಡು ಕೊಡುವ ಅಪ್ಪನ ಉತ್ತರವೂ ಬಹುಶಃ ಅದೇ. ಪಳಗಿದ ರಿಪೇರಿಗಾರ ಮಾತ್ರ ಅವಸರಪಡುವುದಿಲ್ಲ. ಸ್ಪ್ರಿಂಗಿನ ಉದ್ದ, ತಂತಿಯ ದಪ್ಪ, ಸುತ್ತುಗಳ ಸಂಖ್ಯೆ ಎಲ್ಲವನ್ನೂ ಅಳೆಯುತ್ತಾನೆ. ಕುಗ್ಗಿಸಿದಷ್ಟೂ ಸ್ಪ್ರಿಂಗಿನ ಬಲ ಅದೇ ಪ್ರಮಾಣದಲ್ಲಿ ಏರುತ್ತದೆಂದು ರಾಬರ್ಟ್ ಹುಕ್ 1678ರಲ್ಲೇ ವಿವರಿಸಿದ್ದ. ಬಿಗಿದಿಟ್ಟ ಆ ಬಲ ಬಿಚ್ಚುವಾಗ ಕೈಗೋ ಕಣ್ಣಿಗೋ ಹಾರೀತು; ತಕ್ಕ ಹಿಡಿಕೆಯಿಲ್ಲದೆ ಮಕ್ಕಳು ಮನೆಯಲ್ಲಿ ಮಾಡುವ ಕೆಲಸ ಇದಲ್ಲ.

ಹೊಸ ಸ್ಪ್ರಿಂಗ್ ಕೂರಿಸಿದ ಮೇಲೆ ಮೊದಲ ಕೆಲವು ಗುಂಡುಗಳ ವೇಗವನ್ನು ಆತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಚ್ಚಿದ ಗ್ರೀಸಿನ ಅಂಶ, ಒತ್ತಿದ ಗಾಳಿಯ ಕಾವಿಗೆ ಹೊತ್ತಿ ವೇಗವನ್ನು ಸುಳ್ಳೇ ಹೆಚ್ಚಿಸುವುದುಂಟು. ಹೊಸ ಸ್ಪ್ರಿಂಗ್ ಕೂಡ ಸ್ವಲ್ಪ ಕುಗ್ಗಿದ ಮೇಲೆಯೇ ಹದಕ್ಕೆ ಬರುವುದು. ಅನಂತರ ಒಂದೇ ಬಗೆಯ ಹತ್ತು ಗುಂಡು ಹಾರಿಸಿ, ವೇಗ ಅಳೆಯುವ ಯಂತ್ರ ತೋರಿಸಿದ್ದನ್ನೆಲ್ಲ ಬರೆದುಕೊಳ್ಳುತ್ತಾನೆ.

ಉದಾಹರಣೆಗೆ, ಗಟ್ಟಿ ಸ್ಪ್ರಿಂಗಿನಲ್ಲಿ ಗುಂಡು ಸೆಕೆಂಡಿಗೆ ಒಮ್ಮೆ 165 ಮೀಟರ್, ಒಮ್ಮೆ 195 ಮೀಟರ್ ವೇಗದಲ್ಲಿ ಹೋಯಿತೆನ್ನಿ. ಸಾಧಾರಣ ಸ್ಪ್ರಿಂಗಿನಲ್ಲಿ 168ರಿಂದ 172ರೊಳಗೇ ಇತ್ತೆನ್ನಿ. ಹುಡುಗನ ಕಣ್ಣು 195ರ ಮೇಲೆ. ಆದರೆ ಹೈಸ್ಕೂಲಿನ ಲೆಕ್ಕ ಹಾಕಿದರೂ ಸಾಕು: 10 ಮೀಟರ್ ಹೋಗುವಷ್ಟರಲ್ಲಿ ನಿಧಾನದ ಗುಂಡು 18 ಮಿಲಿಮೀಟರ್ ಕೆಳಗಿಳಿದರೆ, ವೇಗದ್ದು 13. ಗುರಿ ಒಂದೇ, ಪೆಟ್ಟು ಬೀಳುವ ಜಾಗದಲ್ಲಿ 5 ಮಿಲಿಮೀಟರ್ ವ್ಯತ್ಯಾಸ! ಸ್ಪರ್ಧೆಯ ಗುರಿಹಾಳೆಯಲ್ಲಿ ಹತ್ತಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್ ಮಾತ್ರ. ಎರಡಂಕ ಅಲ್ಲೇ ಸೋರಿಹೋದಂತೆ. ಎರಡನೆಯ ಸ್ಪ್ರಿಂಗಿನಲ್ಲಿ ಈ ವ್ಯತ್ಯಾಸ ಒಂದು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಸಾಲದ್ದಕ್ಕೆ, ಅತಿ ಗಟ್ಟಿ ಸ್ಪ್ರಿಂಗ್ ಗುಂಡು ನಳಿಕೆ ಬಿಡುವ ಮೊದಲೇ ರೈಫಲನ್ನು ಅಲುಗಿಸುತ್ತದೆ. ಅರವತ್ತು ಸಲ ಮಡಚುವಷ್ಟರಲ್ಲಿ ಎಳೆಯ ತೋಳು ಸೋತಿರುತ್ತದೆ.

ಮಕ್ಕಳ ಅಂಕಪಟ್ಟಿ ಹಿಡಿದು ಕೂರುವ ಹಿರಿಯರೂ ಒಮ್ಮೆ ಈ ಪರೀಕ್ಷೆ ನೋಡಬೇಕು. ಒಂದು ದಿನದ ಹೆಚ್ಚಿನ ಅಂಕಿಗೆ ಇಲ್ಲಿ ಬೆಲೆಯಿಲ್ಲ. ಹತ್ತೂ ಅಂಕಿಗಳು ಪರಸ್ಪರ ಎಷ್ಟು ಹತ್ತಿರ ಎನ್ನುವುದಕ್ಕಷ್ಟೇ ಬೆಲೆ. ರಿಪೇರಿಗಾರನಿಗೆ ಇನ್ನೂ ಒಂದು ಕಟ್ಟುನಿಟ್ಟು ಉಂಟು: ಮನಸ್ಸಿಗೆ ಒಪ್ಪದ ಅಂಕಿಯನ್ನು ಅಳಿಸುವಂತಿಲ್ಲ. ಅಳಿಸಿದರೆ ಹಾಳೆ ಚೆನ್ನಾಗಿ ಕಂಡೀತು, ಸ್ಪ್ರಿಂಗ್ ಮಾತ್ರ ಇದ್ದ ಹಾಗೇ ಇರುತ್ತದೆ.