ಗಡ್‌ಬಡ್ ಮತ್ತು ಆದಿತ್ಯವಾರ

ಏಪ್ರಿಲ್ ಬಂತೆಂದರೆ ರಾಯಚೂರಿನ ಬಿಸಿಲು ಕೋಟೆಯ ಕಲ್ಲಿಗೂ ಬಾಯಾರಿಕೆ ಹುಟ್ಟಿಸುವಂಥದು. ಅಂಥದೊಂದು ಮಧ್ಯಾಹ್ನ ಮಾನ್ವಿಯ ಹಿರಿಯರೊಬ್ಬರು ದೇವದುರ್ಗದ ಬೀಗರೊಡನೆ ಮದುವೆಯ ಜವಳಿ ಮುಗಿಸಿ, ಐಸ್‌ಕ್ರೀಮಿನ ಅಂಗಡಿಯೊಂದನ್ನು ಹೊಕ್ಕರು. ಬೀಗರು ಉದಾರವಾಗಿ, "ಎಲ್ಲಾರಿಗೂ ಗಡ್‌ಬಡ್ ಕೊಡಪಾ" ಎಂದರು. ಹಿರಿಯರ ಮುಖ ಚಿಕ್ಕದಾಯಿತು.

"ಲಗ್ನದ ಕಾಲಕ್ಕ ಗಡ್‌ಬಡ್ ಯಾಕ್ರೀ ಬೀಗರ? ಮತ್ತೇನರ ತರಿಸ್ರಿ."

ಅವರ ಶಂಕೆ ನಿರಾಧಾರವಾದುದಲ್ಲ. 1948ರವರೆಗೆ ನಿಜಾಮರ ಆಳಿಕೆಯಲ್ಲಿದ್ದ ಈ ಸೀಮೆಯಲ್ಲಿ ಉರ್ದುವಿನ ಮಾತುಗಳು ಅಡುಗೆಮನೆಯವರೆಗೂ ಬಂದು ನೆಲೆಸಿವೆ. ಲೆಕ್ಕ ತಪ್ಪಿದರೆ ಗಡ್‌ಬಡ್, ಓಣಿಯಲ್ಲಿ ಜಗಳವೆದ್ದರೆ ಗಡ್‌ಬಡ್, ಹೊಟ್ಟೆ ಕೆಟ್ಟರೂ ಗಡ್‌ಬಡ್! ಅಂಥ ಹೆಸರನ್ನು ತಿನಿಸಿಗೆ ಇಟ್ಟವರು ಕರಾವಳಿಯವರು. ಎತ್ತರದ ಗಾಜಿನ ಲೋಟದಲ್ಲಿ ಎರಡು ಮೂರು ಬಗೆಯ ಐಸ್‌ಕ್ರೀಮು, ನಡುನಡುವೆ ಜೆಲ್ಲಿ, ಹಣ್ಣಿನ ಹೋಳು, ಗೋಡಂಬಿ, ದ್ರಾಕ್ಷಿ. ಇದರ ತವರು ತಮ್ಮೂರಿನ ಡಯಾನಾ ಹೋಟೆಲೆಂದು ಉಡುಪಿಯವರು ಹೇಳುತ್ತಾರೆ. ಮಂಗಳೂರಿಗರ ಬಾಯಲ್ಲಿ 1975ರಲ್ಲಿ ಆರಂಭವಾದ ಐಡಿಯಲ್‌ನ ಹೆಸರು. ಕಥೆಯಂತೂ ಹೀಗೆ: ಗಿರಾಕಿಗಳು ಒಮ್ಮೆಲೇ ಬಂದರು, ಯಾವ ಒಂದು ಬಗೆಯೂ ಅಷ್ಟು ಮಂದಿಗೆ ಸಾಲದು, ಇದ್ದುದನ್ನೆಲ್ಲ ಗಡಿಬಿಡಿಯಲ್ಲಿ ಒಂದೇ ಲೋಟಕ್ಕೆ ತುಂಬಿ ಕೊಟ್ಟರು.

ಈ ಗಡ್‌ಬಡ್ಡಿಗೆ ಅಮೆರಿಕದಲ್ಲೊಬ್ಬ ಹಿರಿಯಕ್ಕನುಂಟು. ಹೆಸರು ಸಂಡೇ, ಎಂದರೆ ಆದಿತ್ಯವಾರ. ಕಾಗುಣಿತವನ್ನು ಮಾತ್ರ ಮುಂದೆ ತುಸು ತಿರುಚಿದರು. ಅಲ್ಲಿಯೂ ತವರಿನ ವ್ಯಾಜ್ಯ ತಪ್ಪಿದ್ದಲ್ಲ. ವಿಸ್ಕಾನ್ಸಿನ್ ರಾಜ್ಯದ ಟೂ ರಿವರ್ಸ್ ಊರು 1881ರಲ್ಲಿಯೇ ತನ್ನಲ್ಲಿ ಅದು ಹುಟ್ಟಿತೆನ್ನುತ್ತದೆ. ನ್ಯೂಯಾರ್ಕ್ ರಾಜ್ಯದ ಇಥಾಕಾದವರು ಹೇಳುವುದು ಬೇರೆ. 1892ರ ಏಪ್ರಿಲ್ 3, ಆದಿತ್ಯವಾರ, ಪ್ರಾರ್ಥನೆ ಮುಗಿಸಿ ಬಂದ ಪಾದ್ರಿ ಜಾನ್ ಸ್ಕಾಟರಿಗೆ ಔಷಧದಂಗಡಿಯ ಚೆಸ್ಟರ್ ಪ್ಲಾಟ್ ವೆನಿಲಾ ಐಸ್‌ಕ್ರೀಮಿನ ಮೇಲೆ ಚೆರ್ರಿ ಹಣ್ಣಿನ ಪಾಕ ಸುರಿದು ಕೊಟ್ಟನಂತೆ. (ಆ ಕಾಲದ ಅಮೆರಿಕದಲ್ಲಿ ಔಷಧದಂಗಡಿಯೇ ತಂಪು ಪಾನೀಯದಂಗಡಿಯೂ ಆಗಿರುತ್ತಿತ್ತು, ರೋಗಿಗಳ ಭಾಗ್ಯ!) ಎರಡೇ ದಿನಕ್ಕೆ, ಏಪ್ರಿಲ್ 5ರಂದು, 10 ಸೆಂಟಿನ 'ಚೆರ್ರಿ ಸಂಡೇ'ಯ ಜಾಹೀರಾತು ಊರಿನ ಪತ್ರಿಕೆಯಲ್ಲಿ ಅಚ್ಚಾಯಿತು.

ಬಾಯಿಮಾತಿಗಿಂತ ಬರಹದ ಸಾಕ್ಷಿ ಬಲವಾದುದೆಂದು ರಾಯಚೂರು ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಸ್ಥಿರಪಟ್ಟದ್ದು, 1915ರಲ್ಲಿ ಇದೇ ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನದಿಂದ. ಜಾಹೀರಾತನ್ನು ಶಾಸನದ ಪಕ್ಕದಲ್ಲಿ ಕೂರಿಸುವುದು ಅಧಿಕಪ್ರಸಂಗವೇ ಸರಿ. ಆದರೂ ಇಥಾಕಾದವರ ಪಕ್ಷವೇ ಗಟ್ಟಿ.

ಗಡ್‌ಬಡ್ಡಿನ ಕಥೆಗೆ ಅಂಥ ಶಾಸನವಿಲ್ಲ. ಹಾಗಿದ್ದೂ ಮಾನ್ವಿ, ದೇವದುರ್ಗಗಳಲ್ಲಿ ಅದನ್ನು ಯಾರಾದರೂ ನಂಬಿಯಾರು. ಉರಿಬಿಸಿಲಲ್ಲಿ ಬಸ್ಸಿಳಿದು ನಾಲ್ವರು ನೆಂಟರು ಹೇಳದೆ ಕೇಳದೆ ಬರುತ್ತಾರೆ. ಪುಂಡಿಪಲ್ಯ ಇಬ್ಬರಿಗಾಗುವಷ್ಟು, ಬೇಳೆ ಒಬ್ಬರಿಗೆ. ಬಂದವರೆದುರು 'ಸಾಲದು' ಎಂಬ ಮಾತು ಬರಕೂಡದು. ಮನೆಯಾಕೆ ಎಲ್ಲವನ್ನೂ ತುಸುತುಸುವೇ ಹಂಚಿ, ನಡುವೆ ಶೇಂಗಾ ಹಿಂಡಿ, ಗಟ್ಟಿಮೊಸರು ಇಟ್ಟು, ತಾಟು ತುಂಬಿಸುತ್ತಾಳೆ. ಇಷ್ಟು ಬಗೆ ಮಾಡಿದ್ದಾಳಲ್ಲ ಎಂದು ನೆಂಟರು ಮೆಚ್ಚಿ ಉಣ್ಣುತ್ತಿರುವಾಗ, ಆಕೆ ಒಳಗೆ ಮತ್ತೆರಡು ರೊಟ್ಟಿಗೆ ಹಿಟ್ಟು ನಾದುತ್ತಿರುತ್ತಾಳೆ.