ಸೇರಲ್ಲ, ಒಗ್ಗಲ್ಲ, ಮಿಸ್‌ಲೈಕ್

ಇಂಗ್ಲಿಷಿನಲ್ಲಿ ‘ಮಿಸ್‌ಲೈಕ್’ ಎಂಬ ಪದವೊಂದಿದೆ. ಅರ್ಥ ‘ಡಿಸ್‌ಲೈಕ್’ನದೇ, ಈಗ ಬಳಕೆ ಬಹಳ ಕಡಿಮೆ. ಷೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ನಲ್ಲಿ ಮೊರಾಕೋದ ರಾಜಕುಮಾರ ಪೋರ್ಷಿಯಾಳೊಡನೆ ಮಾತು ಶುರುಮಾಡುವುದೇ ಈ ಪದದಿಂದ. ತನ್ನ ಮೈಬಣ್ಣ ಆಕೆಗೆ ಹಿಡಿಸದೇ ಹೋದೀತೆಂಬ ಅಳುಕು ಅವನಿಗೆ. ವಿಜ್ಞಾನದ ಪ್ರಶಿಕ್ಷಣಾರ್ಥಿಯಾದ ನನಗೆ ಇದು ಎದುರಾದದ್ದು ಅಭ್ಯಾಸ ಬೋಧನೆಗೆಂದು ಹೋದ ಕಡೂರಿನ ಶಾಲೆಯಲ್ಲಿ, ಇಂಗ್ಲಿಷ್ ಶಿಕ್ಷಕರು ರಜೆಯಲ್ಲಿದ್ದ ದಿನ. ಒಂಬತ್ತನೇ ತರಗತಿಯ ಹುಡುಗನೊಬ್ಬ ನಿಘಂಟಿನಿಂದ ಹೆಕ್ಕಿ ತಂದಿದ್ದ.

ಬೋರ್ಡಿನ ಮೇಲೆ ಬರೆದು ಅರ್ಥ ಊಹಿಸಿ ಎಂದೆ. ‘ಮಿಸ್‌ಟೇಕ್ ಇದ್ದ ಹಾಗೆ, ತಪ್ಪಿ ಇಷ್ಟಪಡೋದು’ ಎಂದ ಒಬ್ಬ. ಹಿಂದಿನ ಬೆಂಚಿನಿಂದ ‘ಮಿಸ್‌ಗೆ ಇಷ್ಟ ಆಗೋದು’ ಎಂದು ಬಂತು. ಆಮೇಲೆ ಐದು ನಿಮಿಷ ತರಗತಿ ನನ್ನ ಕೈಯಲ್ಲಿರಲಿಲ್ಲ. ಮೊದಲನೆಯದು ತಳ್ಳಿಹಾಕುವ ಊಹೆಯೇನಲ್ಲ. ‘ಮಿಸ್’ ಎಂಬ ಪೂರ್ವಪ್ರತ್ಯಯಕ್ಕೆ ‘ತಪ್ಪಾಗಿ’ ಎಂಬಂತೆ ‘ಕೆಟ್ಟದಾಗಿ’ ಎಂಬ ಅರ್ಥವೂ ಇದೆ, ಇಲ್ಲಿರುವುದು ಅದು.

ನನಗೆ ಹಿಡಿಸಿದ್ದು ಪದದ ಹಳೆಯ ಬಳಕೆ. ಹಳೆಯ ಇಂಗ್ಲಿಷಿನಲ್ಲಿ ‘ಲೈಕ್’ ಎಂದರೆ ‘ಮೆಚ್ಚಿಗೆಯಾಗು’, ‘ಮಿಸ್‌ಲೈಕ್’ ಎಂದರೆ ‘ಹಿಡಿಸದಿರು’. ಅಂದರೆ ಕರ್ತೃಪದ ಮನುಷ್ಯನಲ್ಲ, ವಸ್ತು. ‘ಇಟ್ ಮಿಸ್‌ಲೈಕ್ಸ್ ಮಿ’ ಎಂದರೆ ‘ಅದು ನನಗೆ ಹಿಡಿಸದು’. ನಮ್ಮ ವಾಕ್ಯದ ರಚನೆಯೇ! ಮುಂದೆ ಇಂಗ್ಲಿಷಿನಲ್ಲಿ ‘ನಾನು’ ಮುಂದಕ್ಕೆ ಬಂತು. 16ನೇ ಶತಮಾನದಲ್ಲಿ ಲ್ಯಾಟಿನ್ ಮೂಲದ ‘ಡಿಸ್’ ಸೇರಿಸಿಕೊಂಡ ‘ಡಿಸ್‌ಲೈಕ್’ ಹುಟ್ಟಿ, ಹಳೆಯ ಪದವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿತು.

ನಮ್ಮ ಬ್ಯಾಚಿನವರನ್ನು ಕಡೂರು, ತರೀಕೆರೆ, ಅಜ್ಜಂಪುರದ ಶಾಲೆಗಳಿಗೆ ಹಂಚಿದ್ದರು. ಕಾಲೇಜಿನಲ್ಲಿ ಮತ್ತೆ ಸೇರಿದಾಗ ಮಕ್ಕಳಿಂದ ಕೇಳಿದ್ದನ್ನು ಪಟ್ಟಿ ಮಾಡಿದೆವು: ಹಿಡಿಸಲ್ಲ, ಸೇರಲ್ಲ, ಒಗ್ಗಲ್ಲ, ಆಗಲ್ಲ, ಕಂಡ್ರಾಗಲ್ಲ. ಊಟಕ್ಕೆ ‘ಸೇರಲ್ಲ’, ನೀರಿಗೆ, ಊರಿಗೆ ‘ಒಗ್ಗಲ್ಲ’, ಜಗಳವಾಡಿದ ಗೆಳತಿಗೆ ‘ಆಗಲ್ಲ’. ಅಜ್ಜಂಪುರದಲ್ಲಿ ಈರುಳ್ಳಿ ಬೆಳೆಯುವ ಮನೆಯ ಹುಡುಗನೊಬ್ಬನಿಗೆ ಈರುಳ್ಳಿಯೇ ಸೇರಲ್ಲವಂತೆ. ‘ಆನಿಯನ್ ಈಸ್ ನಾಟ್ ಜಾಯಿನಿಂಗ್ ಮಿ’ ಎಂದು ಬರೆದಿದ್ದ. ತರೀಕೆರೆಯ ಗೆಳತಿ ಬಿದ್ದುಬಿದ್ದು ನಕ್ಕಳು. ನನಗೆ ಮಾತ್ರ ಅವನು ಹಳೆಯ ಇಂಗ್ಲಿಷಿನ ಬಾಗಿಲವರೆಗೆ ಹೋಗಿಬಂದಂತೆ ಕಂಡಿತು.

ಕನ್ನಡದಲ್ಲಿ ಇಷ್ಟು ಬಗೆ ಇರುವ ಮಕ್ಕಳೇ ಇಂಗ್ಲಿಷಿಗೆ ಬಂದೊಡನೆ ಎಲ್ಲಕ್ಕೂ ‘ಹೇಟ್’ ಎನ್ನುತ್ತಾರೆ. ಕಡೂರಿನ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಪುಸ್ತಕದ ಹಿಂದೆ ‘ಐ ಹೇಟ್ ಸೈನ್ಸ್’ ಎಂದು ಬರೆದುಕೊಂಡಿದ್ದಳು. ಪ್ರಶ್ನೆ ಕೇಳಿದರೆ ತಲೆ ಎತ್ತುತ್ತಿರಲಿಲ್ಲ. ಬೈಯುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಇದನ್ನೇ ಕನ್ನಡದಲ್ಲಿ ಹೇಳಮ್ಮ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ವಿಜ್ಞಾನ ಅಲ್ಲ ಮಿಸ್, ಲೆಕ್ಕ ಬರೋ ಪಾಠ ಒಗ್ಗಲ್ಲ’ ಎಂದಳು. ಜೀವಕೋಶದ ಚಿತ್ರವನ್ನು ತರಗತಿಯಲ್ಲೇ ಚೆನ್ನಾಗಿ ಬರೆಯುವವಳು ಅವಳು.

‘ಹೇಟ್’ಗೆ ಪಾಠಯೋಜನೆ ಬರೆಯಲು ಬರುವುದಿಲ್ಲ, ‘ಲೆಕ್ಕ ಒಗ್ಗಲ್ಲ’ ಎಂಬುದಕ್ಕೆ ಬರೆಯಬಹುದು. ಮಾರನೆಯ ದಿನ ಚಲನೆಯ ಸಮೀಕರಣಗಳನ್ನು ಹಿಂದಕ್ಕಿಟ್ಟು, ಕಡೂರಿನಿಂದ ಬೀರೂರಿಗೆ ಹೋಗುವ ಬಸ್ಸಿನ ವೇಗ ಕಂಡುಹಿಡಿಯುವ ಮೂರು ಸಣ್ಣ ಲೆಕ್ಕ ಕೊಟ್ಟೆ. ಎರಡನ್ನು ಮಾಡಿ ತಂದು ತೋರಿಸಿದಳು. ಮೂರನೆಯದರ ಜಾಗ ಖಾಲಿ ಇತ್ತು.